ಕೆಂದನೂಟದ ಕಾವಲು

ಇಪ್ಪತ್ತು ಹೇರು ಉಪ್ಪು ಒಂದು ಕಡೆ, ಒಂದು ಕಾವಲಿನ ಮರವೆಲ್ಲ ಇನ್ನೊಂದು ಕಡೆ. ಕೆಂದನೂಟದ ಕಾವಲಿಗೆ ಆ ಹೆಸರು ಬಂದದ್ದು ಈ ವ್ಯವಹಾರದಿಂದ. ಹಿರಿಯೂರು ಸೀಮೆಯ ಈ ಹುಲ್ಲುಗಾವಲನ್ನು ಮಳೆಗಾಲ ಕಳೆಯುವ ಹೊತ್ತಿಗೆ ನೋಡಬೇಕು. ಬಡಗಣ ಅಂಚಿನಲ್ಲಿ ಜಾಲಿ ಒತ್ತಾಗಿ ಹೆಣೆದುಕೊಂಡಿದೆ. ಅದರ ಬುಡದಲ್ಲಿ ಬರೀ ಮುಳ್ಳು, ಬೋಳು ನೆಲ. ಮೂಡಣ ಇಳಿಜಾರಿನಲ್ಲಿ ಮರವೇ ಇಲ್ಲ, ಆಳೆತ್ತರದ ಬಾದೆಹುಲ್ಲೊಂದೇ. ನಡುವೆ ಮಾತ್ರ ಕಮರದ ಮರಗಳು ಒಂದಕ್ಕೊಂದು ಮೈ ತಾಗದಂತೆ, ಜರಡಿ ಹಿಡಿದಂಥ ನೆರಳು ಚೆಲ್ಲುತ್ತ ನಿಂತಿವೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಮರುಳಪ್ಪಶೆಟ್ಟಿ ಎಂಬ ಉಪ್ಪಿನ ವ್ಯಾಪಾರಿ ಇದ್ದನಂತೆ. ಕಬ್ಬಿಣದ ಕುಲುಮೆಗಳಿಗೆ ಇದ್ದಿಲು ಮಾರಿದರೆ ಉಪ್ಪಿಗಿಂತ ಲಾಭವೆಂದು ಯೋಚಿಸಿ, ಪಾಳೆಯಗಾರನ ಉಗ್ರಾಣಕ್ಕೆ ಉಪ್ಪು ಇಳಿಸಿ ಕಾವಲಿನ ಮರಗಳನ್ನು ಪಡೆದ. ನೆರಳು ಹೋದರೆ ಹುಲ್ಲು ಇಮ್ಮಡಿಸುತ್ತದೆ, ತನ್ನ ಹೇರೆತ್ತುಗಳಿಗೂ ಮೇವಾಯಿತು ಎಂಬುದು ಅವನ ಎಣಿಕೆ. ಮೊದಲ ಬೇಸಿಗೆಗೆ ಮೂಡಣ ಇಳಿಜಾರು ಬೋಳಾಯಿತು. ಮಳೆ ಬಿದ್ದಾಗ ಹುಲ್ಲೇನೋ ಸೊಂಪಾಗಿಯೇ ಬಂತು. ಆದರೆ ಬಂದದ್ದು ಬಾದೆ. ಗುಡಿಸಲಿಗೆ ಹೊದಿಸಲು ಲೇಸು, ದವಡೆಗೆ ಒರಟು.

ಆ ವೇಳೆಗೆ ಕೆಂದನಿಗೆ ಹಲ್ಲು ಸವೆದಿತ್ತು. ಕೆಂದನೆಂದರೆ ಶೆಟ್ಟಿಯ ಹೇರೆತ್ತುಗಳ ಸಾಲಿಗೆ ಮುಂದೆ ನಡೆಯುವ ಮುಂದಾಳು ಎತ್ತು. ತಾಯಿ ಸತ್ತ ಕರುವಾಗಿದ್ದಾಗ ಶೆಟ್ಟಿಯ ಹೆಂಡತಿ ಹಾಲಮ್ಮ ಬಟ್ಟೆಯ ಬತ್ತಿಯಲ್ಲಿ ಹಾಲು ಚೀಪಿಸಿ ಸಾಕಿದ್ದಳು. ಬಾದೆಯನ್ನು ಮೂಸಿ ಮುಖ ತಿರುವಿದ ಕೆಂದ ದಿನದಿನಕ್ಕೆ ಇಳಿದುಹೋದ. "ಮುದುಕನ ಧಿಮಾಕು ನೋಡು, ಮಾವನ ಮನೆಗೆ ಬಂದವನ ಹಾಗೆ!" ಎಂದು ಶೆಟ್ಟಿ ಬೈದ. ಬೈಯುತ್ತಲೇ ಎಳೆಯ ಸುಳಿಗಳನ್ನು ಆರಿಸಿ ಬಾಯಿಗೆ ಹಿಡಿದ. ಕೆಂದ ಅದನ್ನೂ ಒಲ್ಲೆನೆಂದ.

ನಡುಗಾವಲಿಗೆ ಕೊಡಲಿ ಹೊರಟ ಬೆಳಿಗ್ಗೆ ಕೆಂದ ತಾನಾಗಿ ಅತ್ತ ನಡೆದ. ಕಮರದ ನೆರಳಲ್ಲಿ ಎಳಸು ಗರಿಕೆ ಒಂದು ಬಾಯಿ, ಬಿಸಿಲ ಬಯಲಲ್ಲಿ ಕರಡದ ಹುಲ್ಲು ಒಂದು ಬಾಯಿ, ನೆರಳು ಬಿಸಿಲು ಕೂಡುವ ಅಂಚಿನಲ್ಲಿ ವಿಷ್ಣುಕ್ರಾಂತಿಯ ಬಳ್ಳಿ, ಹೂವಿನ ಸಮೇತ. ಗಿರಾಕಿ ಆರಿಸುವುದನ್ನು ಅಂಗಡಿಯವನು ನೋಡುವಂತೆ ಶೆಟ್ಟಿ ಹಿಂದೆಯೇ ನಡೆದ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸರಕೇ ಬೇರೆ!

"ಶೆಟ್ರೇ, ಎತ್ತು ಹೊಡ್ಕೊಳ್ಳಿ, ಮರ ಬೀಳ್ತದೆ," ಎಂದ ಕಡಿಯುವ ಆಳುಗಳ ಮೇಸ್ತ್ರಿ ಬೋರಯ್ಯ.

ಹಾಲಮ್ಮ ಅಡ್ಡ ನಿಂತಳು. "ಮುಂದಾಳು ಉಣ್ಣೋವಾಗ ಅಟ್ಟೋರುಂಟಾ? ಏನೂಂದ್ರೆ, ನಿಮ್ಮಪ್ಪನ ಕಾಲದ ಕಟ್ಟು ಇದು."

ಹೇರಿನವರಲ್ಲಿ ಆ ಕಟ್ಟು ಇದ್ದದ್ದು ನಿಜ. ಮುಂದಾಳು ಎತ್ತು ಮೇವು ಸಾಕೆಂದು ತಾನಾಗಿ ಜಾಗ ಬಿಡುವ ತನಕ ಅಲ್ಲಿ ಬೇರೆ ಕೆಲಸ ನಡೆಯುವಂತಿಲ್ಲ.

"ಅವನೂಟ ಮುಗೀಲಿ, ಆಮೇಲೆ ಕಡೀರಿ," ಎಂದ ಶೆಟ್ಟಿ.

"ಮುದಿ ಎತ್ತು ಶೆಟ್ರೇ, ಸಂಜೆಯಾಗ್ತದೆ!"

"ಆಗ್ಲಿ ಬಿಡೋ. ನಿಂಗೇನು, ಕೂತಿದ್ದಕ್ಕೂ ಕೂಲಿ."

ಸಂಜೆಯಾದರೂ ಕೆಂದ ಜಾಗ ಬಿಡಲಿಲ್ಲ. ಅಲ್ಲೇ ಮಲಗಿ ಮೆಲುಕು ಹಾಕಿದ, ಎದ್ದು ಮತ್ತೆ ಮೇದ. ಆ ಮಳೆಗಾಲವೆಲ್ಲ ಹಾಗೇ ಮೇದು ಮೈ ತುಂಬಿಕೊಂಡ. ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಕಮರದ ಬುಡದಲ್ಲಿ ಮಲಗಿದಂತೆಯೇ ಹೋಗಿದ್ದ. ಬೋರಯ್ಯ ಕೊಡಲಿ ಹಿಡಿದು ಬಂದಾಗ ಹಾಲಮ್ಮನ ಮಡಿಲಲ್ಲಿ ಎತ್ತಿನ ತಲೆ. ತುಟಿಗಳ ನಡುವೆ ಹಸಿ ಗರಿಕೆಯ ಎಸಳು. ಅದನ್ನು ತೆಗೆಯಲು ಶೆಟ್ಟಿ ಕೈ ಚಾಚಿದವನು ಹಿಂದಕ್ಕೆಳೆದುಕೊಂಡ.

"ಬಾಯಲ್ಲಿ ತುತ್ತಿದೆ ಬೋರಯ್ಯ. ಊಟ ಮುಗಿದಿಲ್ಲ. ನೀನು ಹೋಗು," ಎಂದನಂತೆ.

ಆ ಊಟ ಇನ್ನೂ ನಡೆದೇ ಇದೆ ಎನ್ನುತ್ತಾರೆ. ನಡುಗಾವಲಲ್ಲಿ ಈಗಲೂ ಯಾರೂ ಕೊಡಲಿ ಎತ್ತುವುದಿಲ್ಲ. ಕಾರ್ತಿಕದಲ್ಲಿ ಹೋದವರಿಗೆ ತುಂಬೆ, ಅಣ್ಣೆ, ವಿಷ್ಣುಕ್ರಾಂತಿ, ಹೆಸರು ತಿಳಿಯದ ಹಳದಿ ಹೂಗಳು ಕಾಲಿಡಲು ಎಡೆ ಕೊಡುವುದಿಲ್ಲ. ಇನ್ನು ವ್ಯವಹಾರದ ಮಾತು: ಹೋದದ್ದು ಇಪ್ಪತ್ತು ಹೇರು ಉಪ್ಪು, ಬಂದದ್ದು ಒಂದು ಇಳಿಜಾರಿನ ಇದ್ದಿಲು, ಹಲ್ಲು ಸವೆದ ಎತ್ತೊಂದಕ್ಕೆ ಮಳೆಗಾಲದುದ್ದಕ್ಕೂ ಹೊಟ್ಟೆತುಂಬ ಊಟ. ಇದ್ದಿಲಿನಿಂದ ಅಸಲೂ ಗಿಟ್ಟಲಿಲ್ಲ. ಊಟವನ್ನು ಶೆಟ್ಟಿ ಲಾಭವೆಂದೇ ಹಿಡಿದನಂತೆ.