ಊದುಬತ್ತಿ ವ್ಯಾಪಾರಿಯ ಆಕ್ಷೇಪಣೆ

“ಗುರುಗಳೇ, ನನ್ನ ಸಾಕ್ಷಿಯನ್ನು ಎದುರಿನ ವಕೀಲ ಪ್ರಶ್ನಿಸುವಾಗ ನಾನು ಎಷ್ಟರಮಟ್ಟಿಗೆ ತಡೆಯಬಹುದು?” ಎಂದು ಕಿರಿಯ ವಕೀಲನೊಬ್ಬ ಕೇಳಿದ. ಹಿಂದಿನ ದಿನವೆಲ್ಲ ಆಕ್ಷೇಪಿಸಿ ಅವನ ಗಂಟಲು ಕಟ್ಟಿತ್ತು.

ಗುರುಗಳು ಅವನಿಗೆ ಕುಡಿಯಲು ಬಿಸಿನೀರು ಕೊಟ್ಟು, ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಊದುಬತ್ತಿ ವ್ಯಾಪಾರಿ ಇದ್ದ. ಅವನ ಬತ್ತಿಯ ಪರಿಮಳ ಬೇರೆಲ್ಲೂ ಸಿಗುತ್ತಿರಲಿಲ್ಲ. ಅದರ ಮಿಶ್ರಣ ತಿಳಿದಿದ್ದವರು ಇಬ್ಬರೇ. ಒಬ್ಬ ಅವನು. ಇನ್ನೊಬ್ಬಳು ಅವನ ತಂದೆಯ ಕಾಲದಿಂದ ಹಿಟ್ಟು ಕಲಸುತ್ತಿದ್ದ ಹೆಂಗಸು.

ಒಂದು ದಿನ ಎದುರು ಬೀದಿಯ ಅಂಗಡಿಯಿಂದಲೂ ಅದೇ ಪರಿಮಳ ಬಂತು. ಆ ಅಂಗಡಿಯವನು ನನ್ನ ಮಿಶ್ರಣ ಕದ್ದಿದ್ದಾನೆಂದು ವ್ಯಾಪಾರಿ ದಾವೆ ಹೂಡಿದ. ಕದ್ದಿಲ್ಲ, ಆ ಹೆಂಗಸೇ ಹೇಳಿಕೊಟ್ಟಳು ಎಂದು ಎದುರಾಳಿ ಉತ್ತರ ಕೊಟ್ಟ.

ವಿಚಾರಣೆಗೆ ಮೊದಲೇ ಎರಡೂ ಕಡೆಯವರು ಪರಸ್ಪರರ ಸಾಕ್ಷಿಗಳನ್ನು ಪ್ರಶ್ನಿಸುವ ಕ್ರಮ ಆ ಊರಿನಲ್ಲಿತ್ತು. ಹೆಂಗಸನ್ನು ಕರೆಸಿದರು. “ನಮ್ಮವರು ನಿನ್ನ ಹತ್ತಿರ ಬಂದಿದ್ದರೇ?” ಎಂದು ಎದುರಿನ ವಕೀಲ ಕೇಳಿದ. ಅವಳು ಬಾಯಿ ತೆರೆಯುವ ಮುನ್ನವೇ ವ್ಯಾಪಾರಿಯ ವಕೀಲ, “ಆಕ್ಷೇಪಣೆ! ಇದು ನಮ್ಮ ಗುಟ್ಟಿನ ವಿಷಯ” ಎಂದ. ಉತ್ತರ ಬರುವುದಿಲ್ಲವೆಂದು ಖಚಿತವಾದ ಮೇಲೆ ಎದುರಿನವನಿಗೆ ಹುರುಪು ಬಂತು. ಅದನ್ನೇ ಮತ್ತೆ ಮತ್ತೆ ಕೇಳಿದ. ಹೆಂಗಸು ಸುಮ್ಮನಿದ್ದಳು. ಸುಮ್ಮನಿದ್ದಾಳೆಂದರೆ ಗುಟ್ಟು ಮಾರಿಕೊಂಡಿದ್ದಾಳೆ ಎಂದು ಪೇಟೆಯೆಲ್ಲ ಮಾತಾಡಿಕೊಂಡಿತು. ಪಾಪ, ಅವಳು ತಲೆಯೆತ್ತಿ ನಡೆಯುವುದನ್ನೇ ಬಿಟ್ಟಳು.

ಜಗಳ ನ್ಯಾಯಾಧೀಶರ ಬಳಿಗೆ ಹೋಯಿತು. ಒಬ್ಬ ವಕೀಲ, ಕೇಳಿದ್ದನ್ನೇ ಕೇಳುತ್ತಾನೆ ಎಂದ. ಇನ್ನೊಬ್ಬ, ಉತ್ತರಿಸಲು ಬಿಡುವುದಿಲ್ಲ ಎಂದ. ನ್ಯಾಯಾಧೀಶರು ತಾವೇ ಬಂದು ಕುಳಿತರು. “ಮಿಶ್ರಣದಲ್ಲಿ ಏನಿದೆಯೆಂದು ಯಾರೂ ಕೇಳಬೇಡಿ. ಉಳಿದದ್ದನ್ನೆಲ್ಲ ಒಂದು ಸಲ ಕೇಳಿ. ಆಕ್ಷೇಪಣೆಯನ್ನು ಬರೆದುಕೊಳ್ಳಿ, ಆಮೇಲೆ ನಾನು ನೋಡುತ್ತೇನೆ. ಆಕೆ ಮಾತಾಡಲಿ,” ಎಂದರು.

ಹೆಂಗಸು ಹೇಳಿದಳು: “ಬಂದಿದ್ರು ಸ್ವಾಮಿ. ಮಿಶ್ರಣ ಹೇಳು ಅಂದ್ರು. ಬೈದು ಕಳಿಸ್ದೆ. ಮಾರನೇ ದಿನ ಅವರ ಆಳು ನಮ್ಮ ಅಂಗಡಿ ಹಿತ್ತಿಲ ತಿಪ್ಪೇಲಿ ಬಿಸಾಕಿದ್ದ ಮಿಶ್ರಣದ ಸಾಮಾನಿನ ಪೊಟ್ಟಣಗಳನ್ನ ಆರಿಸ್ತಾ ಇದ್ದ. ನನ್ನ ಕಂಡು ಓಡ್ದ. ದಾವೆ ಬಿದ್ದ ಮೇಲೆ ಇದನ್ನ ಹೇಳೋಕೆ ನಮ್ಮ ಧಣಿಗಳ ಹತ್ರ ಹೋದೆ. ದಾವೆ ಮುಗಿಯೋವರೆಗೂ ಬಾಯಿ ಬಿಡಬೇಡ ಅಂದ್ರು. ನೀನು ಹೇಳ್ಕೊಟ್ಯಾ ಅಂತ ಮಾತ್ರ ಒಂದು ಸಲನೂ ಕೇಳ್ಲಿಲ್ಲ.”

ವ್ಯಾಪಾರಿ ದಾವೆ ಗೆದ್ದ. ಹೆಂಗಸು ಮತ್ತೆ ಕೆಲಸಕ್ಕೆ ಬರಲಿಲ್ಲ. ಅವನು ಅವಳ ಮನೆ ಬಾಗಿಲಿಗೆ ಹೋಗಿ ಅತ್ತನಂತೆ. ಅವನೂ ಕೆಟ್ಟವನಲ್ಲ. ಅವಳು ಏನು ಹೇಳಿಬಿಡುತ್ತಾಳೋ ಎಂದು ಹೆದರಿದ್ದ, ಅಷ್ಟೇ.

“ಹಾಗಾದರೆ ನಾನು ತಡೆಯಲೇಬಾರದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಕೇಳಿದರು: “ನಿನ್ನೆ ನೀನು ತಡೆದ ಪ್ರಶ್ನೆಯನ್ನು ನಿನ್ನ ಸಾಕ್ಷಿಗೆ ನೀನು ಎಂದಾದರೂ ಕೇಳಿದ್ದೀಯಾ?”