ನಾಲ್ಕನೆಯ ಮಡಕೆ

“ಅಜ್ಜಾರ, ಮೂರರಾಗ ಯಾವ್ದು ಹಾಕ್ಲಿ?” ಎಂದು ಗವಿಸಿದ್ಧ ಕೇಳಿದ.

ಮಠದ ಗುರುಗಳು ದಾಸವಾಳದ ಗಿಡಕ್ಕೆ ಪಾತಿ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. ಇದೇ ಪ್ರಶ್ನೆಯನ್ನು ಅವನು ಹೋದ ಗುರುವಾರವೂ ಕೇಳಿದ್ದ, ಅದರ ಹಿಂದಿನ ಗುರುವಾರವೂ ಕೇಳಿದ್ದ. ಮಠದ ದನ ಮೇಯಿಸುವವರಿಗೂ ಅದು ಬಾಯಿಪಾಠವಾಗಿತ್ತು.

ಸಂಗತಿ ಇಷ್ಟು. ಪೇಟೆಯ ಡಾಕ್ಟರಮ್ಮ ಒಬ್ಬರು ಪ್ರತಿ ಗುರುವಾರ ಬಂದು ಪುಕ್ಕಟೆಯಾಗಿ ರೋಗಿಗಳನ್ನು ನೋಡುತ್ತೇನೆ ಎಂದಿದ್ದರು. ಆದರೆ ಒಂದೇ ಕಡೆ ಕೂರುತ್ತೇನೆ, ಊರೂರು ಸುತ್ತಲಾರೆ ಎಂದಿದ್ದರು. ಮಠಕ್ಕೆ ನಡೆದುಕೊಳ್ಳುವ ಊರುಗಳು ಎರಡು, ಸಂಗಾಪುರ ಮತ್ತು ಮಾವಿನಹೊಂಡ. ಎರಡೂ ಊರಿನವರು ನಮ್ಮಲ್ಲಿಗೇ ಬರಲಿ ಎಂದು ಪಟ್ಟು ಹಿಡಿದರು. ಭಕ್ತರೇ ಮತ ಹಾಕಿ ತೀರ್ಮಾನಿಸಲಿ, ಕೆಲಸ ಬಿಟ್ಟು ಯಾರೂ ಬರುವುದು ಬೇಡ, ಮಠದ ಜಾಲತಾಣದಲ್ಲಿ ಫೋನಿನಿಂದಲೇ ಹಾಕಲಿ ಎಂದು ಗುರುಗಳು ಹೇಳಿದರು. ಜಾಲತಾಣ ನೋಡಿಕೊಳ್ಳುವವನು ಶಿಷ್ಯ ಗವಿಸಿದ್ಧ. ಅದಕ್ಕೆ ಮತ ಹಾಕುವ ಸೌಲಭ್ಯ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ ಎಂದು ಅವನೇ ಹೇಳಿದ್ದ. ಹಾಗೆ ಹೇಳಿ ಐದು ವಾರವಾಗಿತ್ತು.

ಅಂಥ ಸೌಲಭ್ಯಕ್ಕೆ ಪ್ಲಗಿನ್ ಎನ್ನುತ್ತಾರೆ. ಯಾರೋ ಪುಣ್ಯಾತ್ಮರು ಬರೆದು, ಒಳಗಿರುವುದನ್ನೆಲ್ಲ ಎಲ್ಲರ ಕಣ್ಣಿಗೆ ತೆರೆದಿಟ್ಟು, ಬೇಕಾದವರು ತೆಗೆದುಕೊಳ್ಳಿ ಎಂದು ಬಿಟ್ಟಿದ್ದ ಪ್ಲಗಿನ್‌ಗಳು ಅವನಿಗೆ ಮೂರು ಸಿಕ್ಕವು. ಮೂರನ್ನೂ ಒಂದೊಂದಾಗಿ ಜೋಡಿಸಿ, ಎರಡೂ ಊರಿನ ಐವತ್ತು ಭಕ್ತರಿಗೆ ಇದೇ ಡಾಕ್ಟರ ಪ್ರಶ್ನೆಯನ್ನು ಕೇಳಿ, ಪ್ರಯೋಗಕ್ಕೆಂದು ಮತ ಹಾಕಿಸಿದ. ಮೊದಲನೆಯದರಲ್ಲಿ ಒಂದು ಫೋನಿಗೆ ಒಂದೇ ಮತ. ಮನೆಗೆಲ್ಲ ಒಂದೇ ಫೋನ್ ಇರುವವರ ಗತಿಯೇನು ಎಂದು ಅದನ್ನು ಬಿಟ್ಟ. ಎರಡನೆಯದರಲ್ಲಿ ಪ್ರತಿಯೊಬ್ಬರೂ ಹೆಸರು ನೋಂದಾಯಿಸಬೇಕು. ವಯಸ್ಸಾದವರು ಗೊಂದಲಕ್ಕೆ ಬೀಳುತ್ತಾರೆ ಎಂದು ಅದನ್ನೂ ಬಿಟ್ಟ. ಮೂರನೆಯದರಲ್ಲಿ ಈ ಎರಡು ತೊಂದರೆಗಳೂ ಇರಲಿಲ್ಲ. ಅದರ ಬಣ್ಣ ಮಠಕ್ಕೆ ಒಪ್ಪುವುದಿಲ್ಲ ಎಂದ. ತಿದ್ದಿಕೊಡಿ ಎಂದು ಬರೆದವರಿಗೆ ಮೂರು ಪತ್ರ ಹಾಕಿದ. ಎಲ್ಲವೂ ನಿಮ್ಮ ಮುಂದೆಯೇ ಇದೆಯಲ್ಲ, ನೀವೇ ತಿದ್ದಿಕೊಳ್ಳಿ ಎಂದು ಉತ್ತರ ಬಂತು. ಪ್ಲಗಿನ್‌ಗಳ ಗುಣದೋಷಗಳನ್ನು ಅವನು ಸಿಕ್ಕವರಿಗೆಲ್ಲ ಬಿಡಿಸಿ ಬಿಡಿಸಿ ಹೇಳಿದ. ಪ್ರಯೋಗದಲ್ಲಿ ಯಾವ ಊರಿಗೆ ಎಷ್ಟು ಮತ ಬಂತೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಗುರುಗಳೂ ಕೇಳಿರಲಿಲ್ಲ.

ಅವನ ಅಕ್ಕ ಮಾವಿನಹೊಂಡದ ಸೊಸೆ. ಅವಳ ಆರು ವರ್ಷದ ಮಗಳಿಗೆ ದಮ್ಮು. ಪೇಟೆಗೆ ಕರೆದೊಯ್ಯಲು ಎರಡು ಬಸ್ಸು ಬದಲಿಸಬೇಕು, ಸಂಗಾಪುರಕ್ಕಾದರೆ ಮಗುವನ್ನು ಹೊತ್ತು ಮೂರು ಮೈಲಿ ನಡೆಯಬೇಕು. ಆ ಮಗು ಉಸಿರಿಗಾಗಿ ಒದ್ದಾಡಿದ್ದನ್ನು ಗವಿಸಿದ್ಧ ಒಮ್ಮೆ ಕಣ್ಣಾರೆ ಕಂಡಿದ್ದ. ನೆನೆದರೆ ಈಗಲೂ ಅವನಿಗೆ ಅಳು ಬರುತ್ತಿತ್ತು. ಡಾಕ್ಟರಮ್ಮ ಮಾವಿನಹೊಂಡಕ್ಕೇ ಬರಲಿ ಎಂದು ದಿನಾ ಗದ್ದುಗೆಯ ಮುಂದೆ ಬೇಡಿಕೊಳ್ಳುತ್ತಿದ್ದ. ಇದೆಲ್ಲ ಗುರುಗಳಿಗೂ ಗೊತ್ತಿತ್ತು.

ಅಂದು ಬೆಳಿಗ್ಗೆ ಡಾಕ್ಟರಮ್ಮ ಮಠಕ್ಕೆ ಫೋನ್ ಮಾಡಿದ್ದರು. ಭಾನುವಾರದೊಳಗೆ ಜಾಗ ಹೇಳದಿದ್ದರೆ ಆ ಗುರುವಾರಗಳನ್ನು ಹೊಳೆಯಾಚೆಯ ಬೇರೊಂದು ಊರಿಗೆ ಕೊಡುವುದಾಗಿ ಹೇಳಿದ್ದರು. ಅದನ್ನು ಕೇಳಿಯೇ ಗವಿಸಿದ್ಧ ಓಡಿ ಬಂದಿದ್ದ. ಬಂದವನು ಮತ್ತೆ ಅದೇ ಮೂರರ ರಾಗ ತೆಗೆದ. ಸಾಲದ್ದಕ್ಕೆ, ಈ ಮೂರೂ ಬೇಡವೆಂದರೆ ತಾನೇ ಹೊಸದೊಂದನ್ನು ಬರೆಯುತ್ತೇನೆ, ಹದಿನೈದು ದಿನ ಕೊಟ್ಟರೆ ಸಾಕು ಎಂದ.

ಗುರುಗಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರು ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಎಂದು ಶಿಷ್ಯರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರು. ಗುರುಗಳು ಕೈಗೆ ಮೆತ್ತಿದ ಮಣ್ಣು ಕೊಡವಿ, ಕೂರು ಎಂದರು. ಅವನು ಕೂತ.

ಒಂದು ಪಟ್ಟಣ. ಅದಕ್ಕೆ ಎರಡು ಬಾಗಿಲು, ಮೂಡಣದ್ದೊಂದು, ಪಡುವಣದ್ದೊಂದು. ಸಂತೆ ಕೂರುವ ಬಯಲಿಗೆ ಹಳ್ಳ ನುಗ್ಗಿ ನೆಲವೆಲ್ಲ ಕೊಚ್ಚಿಹೋಯಿತು. ಇನ್ನು ಮುಂದೆ ಸಂತೆ ಯಾವ ಬಾಗಿಲಲ್ಲಿ ಕೂರಬೇಕೆಂದು ತಕರಾರು ಎದ್ದಿತು. ಸಂತೆಯವರೆಲ್ಲ ತಲೆಗೊಂದು ಕಾಳು ಮಡಕೆಗೆ ಹಾಕಲಿ ಎಂದು ಹಿರಿಯರು ಗೊತ್ತುಮಾಡಿದರು. ಮೂಡಣ ಬಾಗಿಲಿಗೆ ಅವರೆಕಾಳು, ಪಡುವಣ ಬಾಗಿಲಿಗೆ ಹುಣಸೆಬೀಜ. ಮಡಕೆ ಆರಿಸುವ ಕೆಲಸವನ್ನು ಒಬ್ಬ ವರ್ತಕನಿಗೆ ಒಪ್ಪಿಸಿದರು. ಅವನ ಅಂಗಡಿ ಪಡುವಣ ಬಾಗಿಲ ಪಕ್ಕದಲ್ಲಿತ್ತು. ಒಳ್ಳೆಯ ಮನುಷ್ಯ. ತೂಕದಲ್ಲಿ ಎಂದೂ ಮೋಸ ಮಾಡಿದವನಲ್ಲ.

ಕುಂಬಾರನೊಬ್ಬ ಮೂರು ಮಡಕೆಗಳನ್ನು ಪುಕ್ಕಟೆ ಕೊಟ್ಟ. ವರ್ತಕ ಮೊದಲನೆಯದನ್ನು ನಡುಬೀದಿಯಲ್ಲಿಟ್ಟು, ಇದು ಬರೀ ಪರೀಕ್ಷೆ, ಮಡಕೆ ಹೇಗಿದೆ ನೋಡೋಣ, ಎಲ್ಲರೂ ಹಾಕಿ ಎಂದ. ಹಾಕಿದರು. ಸುರಿದು ನೋಡಿದರೆ ಅವರೆಕಾಳಿನ ರಾಶಿ. ವರ್ತಕ ಮಡಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿ ಕಿರಿದಾಯಿತು, ದಪ್ಪ ಕೈಯವರಿಗೆ ಕಷ್ಟ ಎಂದ. ಮುಂದಿನ ವಾರ ಎರಡನೆಯದನ್ನಿಟ್ಟ. ಅದರಲ್ಲೂ ಅವರೆಕಾಳೇ ಬಂತು. ಬಾಯಿ ಅಗಲವಾಯಿತು, ಯಾರು ಏನು ಹಾಕಿದರೆಂದು ಕಾಣುತ್ತದೆ ಎಂದ. ಮೂರನೆಯದರ ಬಾಯಿ ಹದವಾಗಿತ್ತು. ಅದರಲ್ಲೂ ಅವರೆಕಾಳೇ ಬಂತು. ಅವನು ಮಡಕೆಯನ್ನು ಬೆರಳಿನಿಂದ ಬಹಳ ಹೊತ್ತು ತಟ್ಟಿ ನೋಡಿ, ದನಿ ಯಾಕೋ ಸರಿಯಿಲ್ಲ ಎಂದ.

ಕುಂಬಾರನಿಗೆ ರೋಸಿಹೋಯಿತು. ಮಣ್ಣು ಇಲ್ಲಿದೆ, ತಿಗರಿ ಇಲ್ಲಿದೆ, ನಿನಗೆ ಬೇಕಾದ್ದನ್ನು ನೀನೇ ಮಾಡಿಕೊ ಎಂದು ಎದ್ದು ಊಟಕ್ಕೆ ಹೋದ. ವರ್ತಕ ನಿಜವಾಗಿಯೂ ತಿಗರಿಯ ಮುಂದೆ ಕೂತುಬಿಟ್ಟ. ಹತ್ತು ಮಡಕೆ ಸೊಟ್ಟಗಾದವು, ಹತ್ತು ಸುಡುವಾಗ ಬಿರಿದವು. ಅವನು ಬೇಸರಪಡಲಿಲ್ಲ. ಊರಿನ ಒಳ್ಳೆಯದಕ್ಕೇ ದುಡಿಯುತ್ತಿದ್ದೇನೆ ಎಂದು ಅವನಿಗೆ ಪೂರ್ತಿ ನಂಬಿಕೆಯಿತ್ತು.

ಇತ್ತ ಸಂತೆ ಇಲ್ಲ. ಸೊಪ್ಪು ಮಾರುವ ಒಬ್ಬ ಹೆಂಗಸು ವಾರವಾರವೂ ಬುಟ್ಟಿ ತುಂಬ ಸೊಪ್ಪು ತರುತ್ತಿದ್ದಳು. ಕೂರುವ ಜಾಗ ಗೊತ್ತಾಯಿತೇ ಎಂದು ಕೇಳುತ್ತಿದ್ದಳು. ಇಲ್ಲವೆಂದರೆ, ಬಾಡಿದ ಸೊಪ್ಪನ್ನು ಬೀದಿಯ ದನಕ್ಕೆ ಹಾಕಿ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಳು.

ಕೊನೆಗೂ ನಾಲ್ಕನೆಯ ಮಡಕೆ ತಯಾರಾಯಿತು. ಬಾಯಿ ಹದ, ದನಿ ಹದ, ಬಣ್ಣ ಹದ. ಅಂಥ ಮಡಕೆಯನ್ನು ಆ ಪಟ್ಟಣ ಕಂಡೇ ಇರಲಿಲ್ಲ. ವರ್ತಕ ಅದನ್ನು ಹೊತ್ತು ನಡುಬೀದಿಗೆ ಬಂದ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಗದ್ದಲ ಕೇಳಿದ ಕಡೆಗೆ ನಡೆದು ಮೂಡಣ ಬಾಗಿಲಿಗೆ ಹೋದರೆ ಅಲ್ಲಿ ಸಂತೆ ಕೂತಿತ್ತು. ಎಲ್ಲರಿಗಿಂತ ಮುಂದೆ ಸೊಪ್ಪಿನವಳ ಬುಟ್ಟಿ. ಬೆಳಿಗ್ಗೆ ಅವಳು ಬಂದು ಕೂತಳಂತೆ, ಅವಳನ್ನು ನೋಡಿ ಉಳಿದವರೂ ಕೂತರಂತೆ.

“ಮತಾ ಹಾಕೋಕಿಂತ ಮೊದ್ಲ ಇಲ್ಲಿ ಕುಂದ್ರು ಅಂತ ನಿನಗ ಹೇಳಿದವರ್ಯಾರು?” ಎಂದು ವರ್ತಕ ಕೇಳಿದ.

“ಮೂರು ಸಲ ಕೇಳಿದ್ರಿ, ಮೂರು ಸಲ ಹೇಳಿದ್ವಿ,” ಎಂದಳು ಅವಳು. “ಮಡಕಿ ಚಲೋ ಐತ್ರಿ. ನೀರು ತುಂಬಕೊಂಡು ಬರ್ರಿ, ಸೊಪ್ಪಿನ ಮ್ಯಾಲ ಚಿಮುಕಸ್ತೀನಿ.”

ಗುರುಗಳು ಕತೆ ನಿಲ್ಲಿಸಿದರು. ಮೊದಲ ಮಡಕೆಗೆ ಗವಿಸಿದ್ಧ ನಕ್ಕಿದ್ದ. ಎರಡನೆಯದಕ್ಕೂ ನಕ್ಕಿದ್ದ. ಮೂರನೆಯದಕ್ಕೆ ಬರುವ ಹೊತ್ತಿಗೆ ಅವನ ನಗು ನಿಂತಿತ್ತು. ಆ ವರ್ತಕನ ಅಂಗಡಿಯ ಗತಿ ಏನಾಯಿತು ಎಂದು ಮೆಲ್ಲಗೆ ಕೇಳಿದ. ಏನೂ ಆಗಲಿಲ್ಲ, ಗಿರಾಕಿಗಳು ನಾಲ್ಕು ಹೆಜ್ಜೆ ಹೆಚ್ಚು ನಡೆದು ಬಂದರು, ಸಂತೆಯೇ ಇಲ್ಲದಿದ್ದಾಗ ಅವರೂ ಬರುತ್ತಿರಲಿಲ್ಲ ಎಂದು ಗುರುಗಳು ಹೇಳಿದರು. ಹೇಳಿ ಮತ್ತೆ ಗುದ್ದಲಿ ಹಿಡಿದರು.

ಗವಿಸಿದ್ಧ ಎದ್ದ. ಎರಡು ಹೆಜ್ಜೆ ಹೋದವನು ನಿಂತ. ಕಣ್ಣ ಮುಂದೆ ಆ ಮಗು ಬಂದಿರಬೇಕು. ಅಷ್ಟು ಕೇಳಿದ ಮೇಲೂ ಅವನ ಬಾಯಿಂದ ಹೊರಟದ್ದು ಅದೇ ಮಾತು: ಅದೆಲ್ಲ ಸರಿ ಅಜ್ಜಾರೆ, ಆದರೆ ಮೂರರಲ್ಲಿ ಯಾವುದು?

ಗುರುಗಳು ಈಗ ತಲೆ ಎತ್ತಿ ಅವನ ಮುಖವನ್ನೇ ನೋಡಿದರು.

“ಯಾವ್ದಾರ ಹಾಕು ತಮ್ಮಾ, ಮೂರರಾಗೂ ಗೆದ್ದ ಊರು ಯಾವ್ದು?”