ಜೂನಿಪರ್ ಕಾಯಿಯ ಗಾಜಿನ ಬಾಟಲಿ

ಚಿಕ್ಕತಾಯಮ್ಮನ ಮನೆಯ ಕುಟ್ಟಾಣಿಗೆ ಆ ಜೂನಿಪರ್ ಕಾಯಿಯ ಸಹವಾಸ ಸಾಕುಸಾಕಾಗಿತ್ತು. ಮಾಂಸದ ಸಾರಿಗೆ ಜಜ್ಜಿ ಹಾಕಲೆಂದು ಹಿಮಾಲಯದ ಕಡೆಯಿಂದ ತರಿಸಿದ ಘಮಘಮಿಸುವ ಕಾಯಿ ಅದು. ಆದರೆ ಚಿಕ್ಕತಾಯಮ್ಮ ಕೈಹಾಕಿದಾಗಲೆಲ್ಲ ಬಾಟಲಿಯ ಮುಚ್ಚಳವನ್ನು ಒಳಗಿನಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಅವಳು ಬೇಸತ್ತು ಕಾಳುಮೆಣಸನ್ನೇ ಕುಟ್ಟುತ್ತಿದ್ದಳು. ನೆಂಟರು ಬಂದರೆ ಮಾತ್ರ ಮುಚ್ಚಳ ತಾನಾಗಿ ಸಡಿಲವಾಗುತ್ತಿತ್ತು. ಬಂದವರೆಲ್ಲ ಮೂಸಿ, "ಆಹಾ, ಎಂಥಾ ಘಮ!" ಎನ್ನುತ್ತಿದ್ದರು.

"ದಮ್ಮಯ್ಯ ಅಂತೀನಿ ತಾಯಿ, ಒಂದು ಸಲ ಇಳಿದು ಬಾ," ಎಂದಿತು ಕುಟ್ಟಾಣಿ.

"ಹೊಗಳುವವರು ಇಷ್ಟು ಜನ ಇರುವಾಗ ನಿನ್ನ ಕೈಲಿ ಏಟು ತಿನ್ನಲೇ?" ಎಂದಿತು ಕಾಯಿ.

"ಮೂಸಿ ಹೊಗಳುವವರು ಬರಿಗೈಲಿ ಹೋಗುತ್ತಾರೆ ಅಂದುಕೊಂಡೆಯಾ?"

ಕಾಯಿ ಮುಖ ತಿರುಗಿಸಿತು.

ಕೊನೆಗೆ ಬೀಗರೂಟದ ದಿನ, ತನಗೆ ತಕ್ಕ ಅಡುಗೆ ಬಂತೆಂದು ಕಾಯಿ ತಾನೇ ಕುಟ್ಟಾಣಿಗೆ ಹಾರಿತು. ಚಿಕ್ಕತಾಯಮ್ಮ ಜಜ್ಜಿದಳು, ಮೂಸಿದಳು, ಮತ್ತೊಮ್ಮೆ ಮೂಸಿದಳು. ಘಮದ ಸುಳಿವೇ ಇಲ್ಲ. ಪುಡಿಯನ್ನು ಕಿಟಕಿಯಾಚೆ ಕೊಡವಿದಳು. "ಬಾಟಲಿ ಮಾತ್ರ ಚೆನ್ನಾಗಿದೆ," ಎಂದು ತೊಳೆದು ಅದಕ್ಕೆ ಕಾಳುಮೆಣಸು ತುಂಬಿದಳು. ಊಟಕ್ಕೆ ಬಂದ ಬೀಗರು ಅದನ್ನೂ ಮೂಸಿ, "ಆಹಾ!" ಎಂದರು.

ಮರುದಿನ ಕುಟ್ಟಾಣಿ ಕಾದೇ ಕಾದಿತು. ಚಿಕ್ಕತಾಯಮ್ಮ ಎಷ್ಟು ತಿರುವಿದರೂ ಮುಚ್ಚಳ ಬಿಚ್ಚಲಿಲ್ಲ.